ನಾಲ್ಕು ತಾಸಿನ ದಾರಿ

(ಎಸ್ಟೇಟ್ ಪಾಡಿಯಲ್ಲಿ ಆದಿತ್ಯವಾರ ಸಂಜೆ ನಡೆದ ಕೂಟದಲ್ಲಿ ಆಡಿದ ಮಾತು)



ಈ ಸಂಜೆ ನಾವು ಮಾತಾಡಬೇಕೆಂದಿರುವ ವಿಷಯ ಒಂದು ಲೆಕ್ಕದ ವಿಷಯ. ಕಲ್ಲಿಕೋಟೆಯಿಂದ ದುಬೈಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು? ಕೇಳಿದರೆ ನಮ್ಮ ಪಾಡಿಯ ಮಕ್ಕಳೂ ಹೇಳುತ್ತಾರೆ, ನಾಲ್ಕು ತಾಸು ಎಂದು. ಆ ಉತ್ತರ ತಪ್ಪಲ್ಲ. ಆದರೆ ಅದೇ ಉತ್ತರವನ್ನು ನಂಬಿ ನಾವು ಒಂದು ಮನೆಯವರಿಗೆ ಅನ್ಯಾಯ ಮಾಡಿದ್ದೇವೆ. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗೋಣ.

ಎರಡು ವರುಷದ ಹಿಂದೆ ನಮ್ಮ ಮೇಲಿನ ಪಾಡಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮೂವತ್ತು ವರುಷಕ್ಕಿಂತ ಹೆಚ್ಚು ಕಾಲ ಇದೇ ತೋಟದಲ್ಲಿ ಮಸ್ಟರಿಗೆ ನಿಂತವರು. ಅವರ ಒಬ್ಬನೇ ಮಗ ದುಬೈಯಲ್ಲಿ ಕಟ್ಟಡ ಶುಚಿ ಮಾಡುವ ಕೆಲಸದಲ್ಲಿದ್ದ. ಸೋಮವಾರ ನಸುಕಿನಲ್ಲಿ ಸಾವಾಯಿತು. ನಾಲ್ಕೂಮುಕ್ಕಾಲಕ್ಕೆ ಮಗನಿಗೆ ಫೋನು ಹೋಯಿತು. ಮಗ ಅಳುತ್ತ ಹೇಳಿದ ಮಾತು ಒಂದೇ: "ನಾಳೆ ಬರುತ್ತೇನೆ, ಕಾಯಿರಿ."

ಆಗ ನಾವು ಏನು ಮಾಡಿದೆವು? ಅಂಗಳದಲ್ಲಿ ಕೂತು ಲೆಕ್ಕ ಹಾಕಿದೆವು. ನಾಲ್ಕು ತಾಸಿನ ದಾರಿಗೆ ನಾಳೆ ಯಾಕೆ? ಈಗ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಬರಬಹುದಲ್ಲ? ಮನಸ್ಸಿದ್ದರೆ ಬರುತ್ತಿದ್ದ ಎಂದು ಒಬ್ಬರು ಅಂದರು. ಕೆಲಸ ಬಿಟ್ಟು ಬರಲು ಅವನಿಗೆ ಇಷ್ಟವಿಲ್ಲ ಎಂದು ಇನ್ನೊಬ್ಬರು ಅಂದರು. ಆ ತಾಯಿ ಕಾಯೋಣ ಎಂದು ಕೈ ಹಿಡಿದು ಕೇಳಿಕೊಂಡರೂ, ಸಂಜೆ ಕತ್ತಲಾಗುವ ಮುಂಚೆ ನಾವೆಲ್ಲ ಸೇರಿ ಮಣ್ಣು ಮಾಡಿ ಬಂದೆವು.

ಮಗ ಬಂದದ್ದು ಮಂಗಳವಾರ ಮಧ್ಯಾಹ್ನ ಒಂದೂವರೆಗೆ. ಬ್ಯಾಗು ಇಳಿಸದೆ ನೇರ ಸ್ಮಶಾನಕ್ಕೆ ಹೋದ. ಹಸಿ ಮಣ್ಣು ಬಿಟ್ಟರೆ ಅಲ್ಲಿ ಅವನಿಗೆ ನೋಡಲು ಬೇರೇನೂ ಇರಲಿಲ್ಲ. ಅವನು ಯಾರನ್ನೂ ಬೈಯಲಿಲ್ಲ. ಎಂಟನೆಯ ದಿನ ನಾವು ನಾಲ್ಕು ಮಂದಿ ಅವನ ಹತ್ತಿರ ಕೂತು, ಆ ಒಂದೂವರೆ ದಿನ ಹೇಗೆ ಕಳೆಯಿತು ಎಂದು ಕೇಳಿದೆವು. ಅವನು ಹೇಳಿದ್ದನ್ನು ಕೇಳಿದ ಮೇಲೆ ನಾವು ತಲೆ ತಗ್ಗಿಸಬೇಕಾಯಿತು. ಆದುದರಿಂದ ಈ ಲೆಕ್ಕವನ್ನು ಸರಿಯಾಗಿ ಕಲಿಯೋಣ.

ಮೊದಲು ದೂರ. ನಮಗೆ ಕಲ್ಲಿಕೋಟೆಯ ವಿಮಾನ ನಿಲ್ದಾಣವೆಂದರೆ ಕರಿಪ್ಪೂರು. ಅಲ್ಲಿಂದ ದುಬೈ ನಿಲ್ದಾಣಕ್ಕೆ ಆಕಾಶದ ನೇರ ದಾರಿ ಸುಮಾರು 2,675 ಕಿಲೋಮೀಟರ್. ನೇರ ಎಂದರೆ ಹೇಗೆ? ಭೂಮಿ ಕಿತ್ತಳೆ ಹಣ್ಣಿನ ಹಾಗೆ ದುಂಡಗಿದೆ. ಹಣ್ಣಿನ ಮೇಲೆ ಎರಡು ಗುರುತು ಹಾಕಿ, ಅವುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಯಾವ ಕಡೆ ಕೂತಿತೋ ಅದೇ ಅತಿ ಹತ್ತಿರದ ದಾರಿ. ನಮ್ಮ ವಿಮಾನವು ಹೆಚ್ಚುಕಡಿಮೆ ಆ ದಾರದ ಮೇಲೆಯೇ ವಾಯುವ್ಯ ದಿಕ್ಕಿಗೆ ಅರಬ್ಬೀ ಸಮುದ್ರ ದಾಟಿ, ಒಮಾನ್ ದೇಶದ ಮೇಲೆ ಹಾದು ದುಬೈಗೆ ಇಳಿಯುತ್ತದೆ. ವಿಮಾನದವರು ಕಿಲೋಮೀಟರಿನಲ್ಲಿ ಎಣಿಸುವುದಿಲ್ಲ, ನಾಟಿಕಲ್ ಮೈಲಿಯಲ್ಲಿ ಎಣಿಸುತ್ತಾರೆ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಹಾಗೆ ನೋಡಿದರೆ ಇದು ಸುಮಾರು 1,445 ನಾಟಿಕಲ್ ಮೈಲಿ.

ಇನ್ನು ವೇಗ. ಈ ದಾರಿಯಲ್ಲಿ ಹೆಚ್ಚಾಗಿ ಓಡುವ ಬೋಯಿಂಗ್ 737 ಜಾತಿಯ ವಿಮಾನ ಮೇಲೆ ಹೋದ ನಂತರ ತಾಸಿಗೆ ಸುಮಾರು 830 ಕಿಲೋಮೀಟರ್ ಹೋಗುತ್ತದೆ. ಸುಮಾರು 35,000 ಅಡಿ ಎತ್ತರದಲ್ಲಿ, ಅಂದರೆ ನೀಲಗಿರಿಯ ದೊಡ್ಡಬೆಟ್ಟದಂಥ ನಾಲ್ಕು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರದಲ್ಲಿ ಹಾರುತ್ತದೆ. 2,675ನ್ನು 830ರಿಂದ ಭಾಗಿಸಿದರೆ ಮೂರು ತಾಸು ಹದಿಮೂರು ನಿಮಿಷ ಬರುತ್ತದೆ. ಹಾಗಾದರೆ ಟಿಕೇಟಿನಲ್ಲಿ ನಾಲ್ಕು ತಾಸು ಯಾಕೆ?

ಯಾಕಂದರೆ ವಿಮಾನವು ಬಾಗಿಲು ಮುಚ್ಚಿದ ಕೂಡಲೇ ಹಾರುವುದಿಲ್ಲ. ಹಿಂದೆ ಸರಿಯಬೇಕು, ರನ್‌ವೇಯ ತುದಿಗೆ ಉರುಳಿಕೊಂಡು ಹೋಗಬೇಕು, ಅಪ್ಪಣೆಗೆ ಕಾಯಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣ ವೇಗ ಇರುವುದಿಲ್ಲ. ದುಬೈ ಬಹಳ ಗದ್ದಲದ ನಿಲ್ದಾಣ. ಅಲ್ಲಿ ಇಳಿಯಲು ಸರದಿ ಬರುವ ತನಕ ಆಕಾಶದಲ್ಲೇ ಸುತ್ತು ಹೊಡೆಯುವುದೂ ಉಂಟು. ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕ ಎಲ್ಲವನ್ನೂ ಸೇರಿಸಿ ಕಂಪನಿಯವರು ಸಮಯ ಬರೆಯುತ್ತಾರೆ.

ಇದರ ಮೇಲೆ ಗಾಳಿ. ಚಳಿಗಾಲದಲ್ಲಿ ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು ಗಾಳಿ, ಬರುವಾಗ ಬೆನ್ನಿನ ಗಾಳಿ. ಆದಕಾರಣ ಹೋಗಲು ನಾಲ್ಕು ತಾಸಾದರೆ ಬರಲು ಹದಿನೈದು ಇಪ್ಪತ್ತು ನಿಮಿಷ ಕಡಿಮೆ ಸಾಕಾಗುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲಿನ ಎತ್ತರದ ಗಾಳಿ ತಿರುಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವುದರಿಂದ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ಈಗ ಗಡಿಯಾರದ ವಿಷಯ. ಇದರಲ್ಲಿಯೇ ನಮ್ಮವರು ಬಹಳ ಮಂದಿ ಎಡವುತ್ತಾರೆ. ಭೂಮಿ ಒಂದು ಸುತ್ತು ತಿರುಗಲು 24 ತಾಸು ಬೇಕು. ಆದುದರಿಂದ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಹಿಡಿಯುತ್ತದೆ. ನಮ್ಮ ದೇಶದ ಸಮಯವನ್ನು 82½ ಡಿಗ್ರಿ ಪೂರ್ವ ರೇಖೆಯ ಮೇಲೆ ಇಟ್ಟಿದ್ದಾರೆ. ಅದನ್ನು ನಾಲ್ಕರಿಂದ ಗುಣಿಸಿರಿ: 330 ನಿಮಿಷ, ಅಂದರೆ ಗ್ರೀನಿಚ್ ಸಮಯಕ್ಕಿಂತ ಐದೂವರೆ ತಾಸು ಮುಂದೆ. ದುಬೈ ಗಡಿಯಾರ 60 ಡಿಗ್ರಿ ರೇಖೆಯ ಲೆಕ್ಕದಲ್ಲಿ ನಾಲ್ಕು ತಾಸು ಮುಂದೆ. ಹೀಗೆ ನಮಗೂ ದುಬೈಗೂ ಒಂದೂವರೆ ತಾಸಿನ ಅಂತರ. ನಮ್ಮಲ್ಲಿ ಮಸ್ಟರಿನ ಏಳೂವರೆ ಗಂಟೆಯಾದಾಗ ಅಲ್ಲಿ ಆರು ಗಂಟೆ.

ರಾತ್ರಿ ಹತ್ತಕ್ಕೆ ಇಲ್ಲಿಂದ ಹೊರಟ ವಿಮಾನ ನಾಲ್ಕು ತಾಸು ಹಾರಿ ಅಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಹನ್ನೆರಡೂವರೆ. ಟಿಕೇಟು ನೋಡಿದವರಿಗೆ ಎರಡೂವರೆ ತಾಸಿನ ದಾರಿ ಎಂದು ಕಾಣುತ್ತದೆ. ಬರುವಾಗ ಅಲ್ಲಿ ರಾತ್ರಿ ಹತ್ತಕ್ಕೆ ಹೊರಟು ಮೂರೂಮುಕ್ಕಾಲು ತಾಸು ಹಾರಿದರೆ ಇಲ್ಲಿ ಬೆಳಗಿನ ಜಾವ ಮೂರೂಕಾಲು. ಈಗ ಐದೂಕಾಲು ತಾಸು ಎಂದು ಕಾಣುತ್ತದೆ. ದಾರಿ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಟಿಕೇಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಇಷ್ಟನ್ನು ನೆನಪಿಟ್ಟರೆ ಸಾಕು.

ಇದಕ್ಕಿಂತ ದೊಡ್ಡ ಗುಂಡಿ ತಾರೀಖಿನದು. ನಮ್ಮ ಕೆಳಗಿನ ಪಾಡಿಯ ಒಬ್ಬ ಹುಡುಗನ ಟಿಕೇಟಿನಲ್ಲಿ 15ನೇ ತಾರೀಖು 00:40 ಎಂದು ಬರೆದಿತ್ತು. ನಾವೇ ಓದಿ ಹೇಳಿದೆವು, 15ನೇ ತಾರೀಖು ರಾತ್ರಿ ಎಂದು. 15ರ ಸಂಜೆ ಜೀಪಿನಲ್ಲಿ ಹತ್ತು ಜನ ಬೀಳ್ಕೊಡಲು ಹೋದೆವು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ರೈಲು, ವಿಮಾನದವರ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡು ದಾಟಿದ ಕೂಡಲೇ ತಾರೀಖು ಬದಲಾಗುತ್ತದೆ. 15ರ 00:40 ಎಂದರೆ 14ನೇ ತಾರೀಖು ಮಲಗುವ ಹೊತ್ತು ಕಳೆದ ಮೇಲೆ. ಅಂದರೆ 14ರ ರಾತ್ರಿ ಒಂಬತ್ತೂವರೆಗೆ ನಿಲ್ದಾಣದ ಬಾಗಿಲಲ್ಲಿ ಇರಬೇಕು. ಘಾಟಿ ಇಳಿಯಲು 14ರ ಮಧ್ಯಾಹ್ನವೇ ಪಾಡಿ ಬಿಡಬೇಕು. ಆ ಮನೆಯವರು ಸಾಲ ಮಾಡಿ ತೆಗೆದ ಟಿಕೇಟಿನ ಹಣ ಹೀಗೆ ಹೋಯಿತು.

ಸ್ನೇಹಿತರೇ, ಇಷ್ಟು ಆಕಾಶದ ಮಾತು. ನೆಲದ ದಾರಿಯನ್ನೂ ಅಳೆಯೋಣ. ಕಲ್ಪೆಟ್ಟದಿಂದ ಕರಿಪ್ಪೂರಿಗೆ ಸುಮಾರು 90 ಕಿಲೋಮೀಟರ್. ಆಕಾಶದಲ್ಲಿ ಅದು ಏಳು ನಿಮಿಷದ ಕೆಲಸ. ನೆಲದಲ್ಲಿ, ದಾರಿ ಚೆನ್ನಾಗಿದ್ದ ದಿನ, ಮೂರು ತಾಸು. ಯಾಕಂದರೆ ನಡುವೆ ತಾಮರಶ್ಶೇರಿ ಘಾಟಿ ಇದೆ. ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವಷ್ಟರಲ್ಲಿ ಒಂಬತ್ತು ದೊಡ್ಡ ತಿರುವು. ಒಂದು ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಮಳೆಗಾಲದಲ್ಲಿ ಮರ ಬೀಳುತ್ತದೆ, ಮಣ್ಣು ಜಾರುತ್ತದೆ.

ಕೆಲವರು ಬೆಂಗಳೂರಿನಿಂದ ಹತ್ತಿದರೆ ಬೇಗ ಎನ್ನುತ್ತಾರೆ. ಆ ಲೆಕ್ಕವನ್ನೂ ನೋಡಿ. ದುಬೈಗೆ ಆಕಾಶದ ನೇರ ದೂರ ಮಂಗಳೂರಿನಿಂದ ಸುಮಾರು 2,460 ಕಿಲೋಮೀಟರ್, ಕಣ್ಣೂರಿನಿಂದ 2,590, ಕರಿಪ್ಪೂರಿನಿಂದ 2,675, ಬೆಂಗಳೂರಿನಿಂದ 2,695, ಕೊಚ್ಚಿಯಿಂದ 2,780. ಅತಿ ಹತ್ತಿರದ ಮಂಗಳೂರಿಗೂ ಅತಿ ದೂರದ ಕೊಚ್ಚಿಗೂ ವ್ಯತ್ಯಾಸ 320 ಕಿಲೋಮೀಟರ್, ವಿಮಾನಕ್ಕೆ ಅರ್ಧ ತಾಸೂ ಅಲ್ಲ. ಆದುದರಿಂದ ಯಾವ ನಿಲ್ದಾಣದಿಂದ ಹೋಗಬೇಕು ಎಂಬುದನ್ನು ಆಕಾಶದ ದೂರ ನೋಡಿ ತೀರ್ಮಾನ ಮಾಡಬೇಡಿ. ನಮ್ಮ ಪಾಡಿಯ ಬಾಗಿಲಿನಿಂದ ನಿಲ್ದಾಣದ ಬಾಗಿಲಿಗೆ ಎಷ್ಟು ಹೊತ್ತು ಎಂಬುದನ್ನು ನೋಡಿ. ಕಾಸರಗೋಡಿನ ಗೇರುತೋಟದವರಿಗೆ ಮಂಗಳೂರು, ಮಾನಂದವಾಡಿಯ ಕಡೆಯವರಿಗೆ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು, ನಮಗೆ ಕರಿಪ್ಪೂರು. ಬೆಂಗಳೂರಿಗೆ ಹೋಗುವವರು ಇನ್ನೊಂದನ್ನು ಮರೆಯಬಾರದು: ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ವಾಹನ ಸಂಚಾರಕ್ಕೆ ತಡೆ ಇದೆ. ಸುಲ್ತಾನ್ ಬತ್ತೇರಿಯಿಂದ ಹೋದರೂ ಗೂಡಲೂರಿನಿಂದ ಹೋದರೂ ಈ ತಡೆ ಎದುರಾಗುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಈ ಆಯ್ಕೆಗಳೇ ಇರಲಿಲ್ಲ. ಕರಿಪ್ಪೂರು ನಿಲ್ದಾಣ ತೆರೆದದ್ದು 1988ರ ಏಪ್ರಿಲಿನಲ್ಲಿ, ಅದೂ ಮೊದಲು ದೇಶದೊಳಗಿನ ವಿಮಾನಕ್ಕೆ ಮಾತ್ರ. ಅದಕ್ಕೂ ಹಿಂದೆ ನಮ್ಮ ಕಡೆಯ ಬಹಳ ಮಂದಿ ಬೊಂಬಾಯಿಗೆ ಹೋಗಿ ಅಲ್ಲಿಂದ ವಿಮಾನವನ್ನೋ ಹಡಗನ್ನೋ ಹತ್ತುತ್ತಿದ್ದರು. ದ್ವಾರಕಾ ಎಂಬ ಹಡಗು 1982ರ ತನಕ ಬೊಂಬಾಯಿಯಿಂದ ಕರಾಚಿಯ ಮೇಲೆ ಕೊಲ್ಲಿಯ ಊರುಗಳಿಗೆ ದಿನಗಟ್ಟಲೆ ಸಾಗಿ ಹೋಗುತ್ತಿತ್ತು. ಆಗ ಹೋದ ಮಗ ಸಾವಿಗೆ ಬರುತ್ತಾನೆ ಎಂದು ಯಾರೂ ಕಾಯುತ್ತಿರಲಿಲ್ಲ, ಬರಲಿಲ್ಲವೆಂದು ಯಾರೂ ದೂರುತ್ತಲೂ ಇರಲಿಲ್ಲ. ವಿಮಾನ ಬಂದ ಮೇಲೆ ದೂರ ಹೋಯಿತೆಂದು ನಾವು ತಿಳಿದುಕೊಂಡೆವು. ದೂರದ ಒಂದು ಭಾಗ ಮಾತ್ರ ಹೋಗಿದೆ.

ಈಗ ಆ ಮಗನ ಲೆಕ್ಕಕ್ಕೆ ಬರೋಣ. ಇಲ್ಲಿನ ಗಡಿಯಾರದಲ್ಲಿಯೇ ಎಣಿಸುತ್ತೇವೆ.

ಸೋಮವಾರ ನಸುಕಿನ ನಾಲ್ಕೂಮುಕ್ಕಾಲಕ್ಕೆ ಫೋನು. ಅಲ್ಲಿ ಆಗ ಮೂರೂಕಾಲು, ನಡುರಾತ್ರಿ. ಅವನ ಕಂಪನಿಯ ಆಫೀಸು ತೆರೆಯುವುದು ಅಲ್ಲಿನ ಎಂಟಕ್ಕೆ, ಅಂದರೆ ನಮ್ಮ ಒಂಬತ್ತೂವರೆಗೆ. ಅವನು ಆರಕ್ಕೇ ಹೋಗಿ ಬಾಗಿಲಲ್ಲಿ ಕೂತಿದ್ದ. ಅವನ ಪಾಸ್‌ಪೋರ್ಟ್ ಅವನ ಕೈಯಲ್ಲಿರಲಿಲ್ಲ, ಆಫೀಸಿನ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಇದ್ದವರು ಬಂದದ್ದು ನಮ್ಮ ಹನ್ನೆರಡೂವರೆಗೆ. ರಜೆಯ ಕಾಗದಕ್ಕೆ ಸಹಿ ಬಿದ್ದು ಪಾಸ್‌ಪೋರ್ಟ್ ಕೈಗೆ ಬಂದದ್ದು ಮೂರೂವರೆಗೆ. ಇಲ್ಲಿಗೆ ಹತ್ತೂಮುಕ್ಕಾಲು ತಾಸು ಕಳೆಯಿತು.

ಆ ಸಂಜೆಯ ವಿಮಾನದಲ್ಲಿ ಸೀಟು ಇರಲಿಲ್ಲ. ಸಿಕ್ಕಿದ್ದು ನಮ್ಮ ಲೆಕ್ಕದಲ್ಲಿ ಮಂಗಳವಾರ ಬೆಳಗಿನ ಜಾವ ನಾಲ್ಕರದು. ಅದಕ್ಕೂ ಜೊತೆಯ ಕೆಲಸದವರು ಕೈಯಿಂದ ಹಣ ಕೂಡಿಸಿ ಕೊಟ್ಟರು. ಕಾದದ್ದು ಹನ್ನೆರಡೂವರೆ ತಾಸು. ಹಾರಿದ್ದು ಮೂರೂಮುಕ್ಕಾಲು ತಾಸು. ಕರಿಪ್ಪೂರಿನಲ್ಲಿ ಇಳಿದಾಗ ಏಳೂಮುಕ್ಕಾಲು. ಪಾಸ್‌ಪೋರ್ಟ್ ತಪಾಸಣೆಯ ಸಾಲು ದಾಟಿ ಹೊರಗೆ ಬರಲು ಒಂದು ತಾಸು. ಘಾಟಿಯ ಏಳನೆಯ ತಿರುವಿನಲ್ಲಿ ಮರದ ದಿಮ್ಮಿಯ ಲಾರಿ ಅಡ್ಡ ನಿಂತಿತ್ತು. ಪಾಡಿ ಮುಟ್ಟಿದಾಗ ಒಂದೂವರೆ. ಇಳಿದ ಮೇಲೆ ಐದೂಮುಕ್ಕಾಲು ತಾಸು.

ಎಲ್ಲವನ್ನೂ ಕೂಡಿಸಿರಿ. ಮೂವತ್ತೆರಡೂಮುಕ್ಕಾಲು ತಾಸು. ಅದರಲ್ಲಿ ವಿಮಾನ ಹಾರಿದ್ದು ಮೂರೂಮುಕ್ಕಾಲು. ಉಳಿದ 29 ತಾಸನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ 29 ತಾಸಿನಲ್ಲಿ ಅವನು ಒಂದು ನಿಮಿಷವೂ ಸುಮ್ಮನೆ ಕೂತಿರಲಿಲ್ಲ. ನಾವು ಮಾತ್ರ ಅವನಿಗೆ ಮನಸ್ಸಿಲ್ಲ ಎಂದೆವು.

ಈ 29 ತಾಸಿನಲ್ಲಿ ಯಾವುದನ್ನು ಕಡಿಮೆ ಮಾಡಬಹುದು? ಘಾಟಿಯ ಲಾರಿ ನಮ್ಮ ಕೈಯಲ್ಲಿಲ್ಲ. ಹವೆಯೂ ನಮ್ಮ ಕೈಯಲ್ಲಿಲ್ಲ. ಕರಿಪ್ಪೂರಿನ ರನ್‌ವೇ ಗುಡ್ಡದ ತಲೆ ಕಡಿದು ಸಮ ಮಾಡಿದ ಜಾಗದಲ್ಲಿದೆ, ಉದ್ದ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. 2020ರ ಆಗಸ್ಟ್ 7ರ ರಾತ್ರಿ ಸುರಿಯುವ ಮಳೆಯಲ್ಲಿ ದುಬೈಯಿಂದಲೇ ಬಂದ ವಿಮಾನವೊಂದು ರನ್‌ವೇ ದಾಟಿ ಕೆಳಕ್ಕೆ ಬಿದ್ದು, ಒಳಗಿದ್ದ 190 ಜನರಲ್ಲಿ 21 ಮಂದಿ ಸತ್ತರು. ಕೊರೋನಾದ ಭಯದ ಕಾಲದಲ್ಲಿಯೂ ಸುತ್ತಲಿನ ಊರಿನವರು ಮಳೆಯಲ್ಲಿ ಓಡಿ ಬಂದು ಗಾಯಾಳುಗಳನ್ನು ತಮ್ಮ ವಾಹನಗಳಲ್ಲಿ ಆಸ್ಪತ್ರೆಗೆ ಒಯ್ದರು. ಆದುದರಿಂದ ಮಳೆಯ ದಿನ ವಿಮಾನವನ್ನು ಕೊಚ್ಚಿಗೋ ಕಣ್ಣೂರಿಗೋ ತಿರುಗಿಸಿದರೆ ಗೊಣಗಬೇಡಿ. ತಡವಾಗಿಯಾದರೂ ಬದುಕಿ ಬರಲಿ.

ಆದರೆ ಪಾಸ್‌ಪೋರ್ಟಿನ ಹತ್ತೂಮುಕ್ಕಾಲು ತಾಸು ಹಾಗಲ್ಲ. ಅದು ಹವೆಯಿಂದ ಆದ ತಡವಲ್ಲ, ಮನುಷ್ಯರಿಂದ ಆದ ತಡ. ಯುಎಇ ದೇಶದ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಗಾರನ ಪಾಸ್‌ಪೋರ್ಟಿನಂಥ ದಾಖಲೆಗಳನ್ನು ಧಣಿಯು ಹಿಡಿದಿಟ್ಟುಕೊಳ್ಳಬಾರದು. ಅದೇ ಕಾನೂನಿನಲ್ಲಿ ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಸತ್ತರೆ ಸಂಬಳ ಸಹಿತ ಮೂರು ದಿನ ರಜೆ, ಗಂಡ ಅಥವಾ ಹೆಂಡತಿ ಸತ್ತರೆ ಐದು ದಿನ ರಜೆ ಎಂದು ಬರೆದಿದೆ. ಇದು ಖಾಸಗಿ ಕಂಪನಿಯ ಕೆಲಸಗಾರರಿಗೆ. ಮನೆಗೆಲಸದವರಿಗೆ ಬೇರೆ ಕಾನೂನು ಇದೆ. ಮೂರು ದಿನವೆಂದರೆ ಎಷ್ಟು ಎಂದು ಈಗ ನಿಮಗೆ ಗೊತ್ತು. ಬರಲು ಒಂದು ದಿನಕ್ಕಿಂತ ಹೆಚ್ಚು, ಹೋಗಲು ಒಂದು ದಿನ. ಅವ್ವನ ಹತ್ತಿರ ಕೂತಿರಲು ಒಂದು ದಿನವೂ ಉಳಿಯುವುದಿಲ್ಲ. ಹಾಗಾಗಿ ವರುಷದ ರಜೆಯಲ್ಲಿ ಕೆಲವು ದಿನಗಳನ್ನು ಇದಕ್ಕೆ ಸೇರಿಸಿ ಕೊಡಿರೆಂದು ಮೊದಲೇ ಕೇಳಿಕೊಳ್ಳಬೇಕು.

ಮನೆಗೆ ಹೋಗಿ ಈ ವಾರವೇ ಮಾಡತಕ್ಕ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

ಒಂದನೆಯದು, ಹೊರದೇಶದಲ್ಲಿರುವ ಮಗನೋ ಮಗಳೋ ಫೋನು ಮಾಡಿದಾಗ, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ ಎಂದು ಕೇಳಿರಿ. ತಮ್ಮ ಕೈಯಲ್ಲಿ ಇಲ್ಲದಿದ್ದರೆ ಕಾನೂನಿನ ವಿಷಯ ತಿಳಿಸಿರಿ. ಅದರ ಮತ್ತು ವೀಸಾದ ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ.

ಎರಡನೆಯದು, ಅವರ ಕಂಪನಿಯ ಹೆಸರು, ಆಫೀಸಿನ ಫೋನು, ಜೊತೆಯಲ್ಲಿರುವ ಒಬ್ಬ ಗೆಳೆಯನ ಫೋನು, ಇವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ.

ಮೂರನೆಯದು, ಟಿಕೇಟು ಬಂದ ದಿನವೇ ಇಬ್ಬರಿಗೆ ತೋರಿಸಿ ಓದಿಸಿರಿ. ತಾರೀಖು ಯಾವುದು, ನಡುರಾತ್ರಿಗೆ ಮುಂಚೆಯೋ ಆಮೇಲೆಯೋ, ಯಾವ ಊರಿನ ಗಡಿಯಾರ ಎಂಬುದನ್ನು ಬಾಯಿಬಿಟ್ಟು ಹೇಳಿಸಿರಿ. ಹೊರದೇಶದ ವಿಮಾನಕ್ಕೆ ಮೂರು ತಾಸು ಮುಂಚೆ ನಿಲ್ದಾಣದಲ್ಲಿ ಇರಬೇಕು. ಸಾಮಾನ್ಯವಾಗಿ ಹೊರಡುವ ಒಂದು ತಾಸು ಮುಂಚೆಯೇ ಕೌಂಟರು ಮುಚ್ಚುತ್ತಾರೆ. ಘಾಟಿಗೆ ಐದು ತಾಸು ಬಿಟ್ಟುಕೊಳ್ಳಿರಿ. ಬೇಗ ಮುಟ್ಟಿದರೆ ನಷ್ಟವಿಲ್ಲ.

ನಾಲ್ಕನೆಯದು ನಮಗೆಲ್ಲರಿಗೂ ಸೇರಿದ್ದು. ಸಾವಿನ ಮನೆಯಲ್ಲಿ ಕೂತು ವಿಮಾನದ ತಾಸು ಎಣಿಸಬೇಡಿ. ದೂರದಲ್ಲಿರುವವರು "ಕಾಯಿರಿ" ಅಂದರೆ ಕಾಯೋಣ. ಹೆಣವನ್ನು ಒಂದು ದಿನ ಇಡಲು ಆಸ್ಪತ್ರೆಯ ಶೀತದ ಕೋಣೆಯನ್ನೋ ಬಾಡಿಗೆಯ ಶೀತಪೆಟ್ಟಿಗೆಯನ್ನೋ ವಿಚಾರಿಸಬಹುದು. ಅದರ ಖರ್ಚಿಗೆ ನಮ್ಮ ಪಾಡಿಯ ಸಾವಿನ ಚೀಟಿಯಿಂದ ಹಣ ಕೊಡಬೇಕೆಂದು ಈ ಕೂಟದ ಮುಂದೆ ಬೇಡಿಕೆ ಇಡುತ್ತಿದ್ದೇವೆ. ಒಪ್ಪುವವರು ಕೈ ಎತ್ತಿರಿ, ರೈಟರು ಪುಸ್ತಕದಲ್ಲಿ ಬರೆದುಕೊಳ್ಳಲಿ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜಾರಿ ಪಾಡಿಗಳು ಕೊಚ್ಚಿಹೋದಾಗ, ಕೊಲ್ಲಿಯಲ್ಲಿದ್ದ ನಮ್ಮವರಿಗೆ ನಾಲ್ಕು ತಾಸು ಎಷ್ಟು ಉದ್ದವಾಗಬಹುದೆಂದು ಗೊತ್ತಾಯಿತು. ಇಲ್ಲಿರುವ ನಮಗೂ ಅದು ಗೊತ್ತಿರಬೇಕು.

ಆ ಮಗ ಈಗ ತಿರುಗಿ ದುಬೈಯಲ್ಲಿದ್ದಾನೆ. ಅವನ ತಾಯಿ ಈ ಸಂಜೆ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವ್ವಾ, ಆ ದಿನ ನೀವು ಕಾಯೋಣ ಅಂದಿರಿ. ನಾವು ಕೇಳಲಿಲ್ಲ. ನಮ್ಮ ಲೆಕ್ಕ ತಪ್ಪಾಗಿತ್ತು. ಕ್ಷಮಿಸಬೇಕು.